ತೊಡೆಯ ಸ್ನಾಯುವಿಗೆ ಹೊಸ ಕೆಲಸ

ಕೇಳುಗರಿಗೆ ನಮಸ್ಕಾರ.

ಮಲ ತಡೆದುಕೊಳ್ಳಲು ಆಗದ ತೊಂದರೆಯನ್ನು ಗಂಡನಿಗೂ ಹೇಳದೆ, ಡಾಕ್ಟರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡವರಿದ್ದಾರೆ. ಹೆರಿಗೆಯಲ್ಲಿ ಆಳವಾಗಿ ಹರಿದುಕೊಂಡ ತಾಯಂದಿರು, ಅಪಘಾತದಲ್ಲಿ ಪೆಟ್ಟಾದವರು, ಹುಟ್ಟುವಾಗಲೇ ಗುದದ್ವಾರ ಸರಿಯಾಗಿ ರೂಪುಗೊಳ್ಳದ ಮಕ್ಕಳು ಇವರಲ್ಲಿ ಸೇರಿದ್ದಾರೆ. ಬಸ್ಸು ಹತ್ತುವುದನ್ನೂ ಮದುವೆಮನೆಗೆ ಹೋಗುವುದನ್ನೂ ಬಿಟ್ಟು ಮನೆಯಲ್ಲೇ ಕೂತುಬಿಡುತ್ತಾರೆ. ಇದು ನಾಚಿಕೆಪಡುವ ವಿಷಯವಲ್ಲ. ಸ್ನಾಯು ಕೆಟ್ಟಿದೆ, ಅಷ್ಟೇ.

ಗುದದ್ವಾರದ ಸುತ್ತ ಸ್ನಾಯುವಿನ ಎರಡು ಉಂಗುರಗಳಿವೆ. ಒಳಗಿನದು ನಮ್ಮ ಗಮನಕ್ಕೆ ಬಾರದೆ, ನಿದ್ದೆಯಲ್ಲೂ ಬಿಗಿದಿರುತ್ತದೆ. ಹೊರಗಿನದನ್ನು ಅವಸರವಾದಾಗ ನಾವೇ ಬಿಗಿಹಿಡಿಯುತ್ತೇವೆ. ಯಾವುದು ಎಲ್ಲಿ ಹರಿದಿದೆ ಎಂಬುದು ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಬಹಳ ಜನಕ್ಕೆ ಊಟದ ಬದಲಾವಣೆ, ಮಲ ಗಟ್ಟಿಮಾಡುವ ಲೋಪೆರಮೈಡ್ ಮಾತ್ರೆ, ಬಿಗಿಯುವ ವ್ಯಾಯಾಮ ಇಷ್ಟರಲ್ಲೇ ಗುಣ ಕಾಣುತ್ತದೆ. ಹೊರ ಉಂಗುರ ಒಂದು ಕಡೆ ಮಾತ್ರ ಹರಿದಿದ್ದರೆ ಅದರ ತುದಿಗಳನ್ನು ಬಿಡಿಸಿ ಒಂದರ ಮೇಲೊಂದು ತಂದು ಹೊಲಿಯಬಹುದು. ಆದರೆ ವರ್ಷಗಳು ಕಳೆದಂತೆ ಆ ಹೊಲಿಗೆಯ ಫಲ ಕುಗ್ಗುವುದುಂಟು.

ಹೊಲಿಯಲು ಉಂಗುರವೇ ಉಳಿದಿಲ್ಲದಿದ್ದರೆ? ಆಗ ತೊಡೆಯ ಕಡೆ ನೋಡಬೇಕು. ತೊಡೆಯ ಒಳಮಗ್ಗುಲಲ್ಲಿ ಗ್ರಾಸಿಲಿಸ್ ಎಂಬ ಪಟ್ಟಿಯಂಥ ಉದ್ದ ಸ್ನಾಯು ಇದೆ. ಅದನ್ನು ತೆಗೆದರೂ ನಡಿಗೆಗೆ ಹೇಳಿಕೊಳ್ಳುವಂಥ ಕೊರತೆ ಆಗುವುದಿಲ್ಲ, ಏಕೆಂದರೆ ಅದೇ ಕೆಲಸ ಮಾಡುವ ಸ್ನಾಯುಗಳು ಪಕ್ಕದಲ್ಲೇ ಇವೆ. 1952ರಲ್ಲಿ ಅಮೆರಿಕದ ಶಸ್ತ್ರವೈದ್ಯ ಪಿಕ್ರೆಲ್ ಮಕ್ಕಳಲ್ಲಿ ಇದನ್ನು ಗುದದ್ವಾರಕ್ಕೆ ಸುತ್ತಿದ ವಿಧಾನವನ್ನು ಪ್ರಕಟಿಸಿದರು.

ಮೊಣಕಾಲಿನ ಕೆಳಗೆ ಮೂಳೆಗೆ ಅಂಟಿದ ತುದಿಯನ್ನು ಬಿಡಿಸಿ, ಸ್ನಾಯುವನ್ನು ಮೇಲಕ್ಕೆ ಎತ್ತಿಕೊಂಡು ಬರಬೇಕು. ಕೆಳಗಿನ ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡಬಹುದು. ತೊಡೆಯ ಮೇಲ್ಭಾಗದಲ್ಲಿ ಒಳಹೊಗುವ ಮುಖ್ಯ ರಕ್ತನಾಳ ಮತ್ತು ನರಕ್ಕೆ ಮಾತ್ರ ಎಳೆತವೂ ಬೀಳಬಾರದು. ಅವು ಹೋದರೆ ಸ್ನಾಯುವೇ ಹೋಯಿತು. ಆಮೇಲೆ ಚರ್ಮದಡಿ ಸುರಂಗ ಮಾಡಿ, ಗುದದ್ವಾರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಕುಳಿತಾಗ ನೆಲಕ್ಕೊತ್ತುವ ಮೂಳೆಗೆ ಹೊಲಿಯುತ್ತಾರೆ. ಬಿಗಿ ನೋಡುವಾಗ ಕಾಲನ್ನು ಒಳಕ್ಕೆ ತಂದಿರಬೇಕು. ಕಾಲು ಅಗಲಿಸಿದಾಗ ಸ್ನಾಯು ಹೇಗೂ ಎಳೆದು ನಿಂತಿರುತ್ತದೆ. ಆಗ ಹೊಲಿದರೆ ಕಾಲು ಕೂಡಿಸಿದೊಡನೆ ಉಂಗುರ ಸಡಿಲ. ಹಾಗೆಂದು ಅತಿಯಾಗಿ ಬಿಗಿದರೆ ಮಲ ಹೊರಬರದೆ ಎನಿಮಾ ಹಿಡಿಯಬೇಕಾಗುತ್ತದೆ.

ಆದರೆ ಸುತ್ತಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗ್ರಾಸಿಲಿಸ್ ಥಟ್ಟನೆ ಬಿಗಿದು ಬೇಗ ಸೋಲುವ ಸ್ನಾಯು. ಗುದದ್ವಾರಕ್ಕೆ ಬೇಕಾದದ್ದು ದಣಿಯದೆ ದಿನವಿಡೀ ಹಿಡಿದಿರುವ ಸ್ನಾಯು. ಈ ಕೊರತೆಗೆ ದಾರಿ ತೋರಿದವರು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಶಸ್ತ್ರವೈದ್ಯ ಬೇಟನ್. 1986ರಲ್ಲಿ ಅವರು ಹೊಟ್ಟೆಯ ಚರ್ಮದಡಿ ಪೇಸ್‌ಮೇಕರ್‌ನಂಥ ಯಂತ್ರವಿಟ್ಟು, ಅದರ ತಂತಿಯನ್ನು ಸ್ನಾಯುವಿಗೆ ಜೋಡಿಸಿದರು. ಮಂದ ವಿದ್ಯುತ್ತನ್ನು ಸುಮಾರು 8 ವಾರ ಹಂತಹಂತವಾಗಿ ಹೆಚ್ಚಿಸುತ್ತ ಬಂದರೆ ಸ್ನಾಯುವಿನ ಎಳೆಗಳು ಬೇಗ ದಣಿಯದ ಬಗೆಗೆ ತಿರುಗುತ್ತವೆ. ಶೌಚಕ್ಕೆ ಕೂರುವಾಗ ರೋಗಿಯೇ ಯಂತ್ರ ನಿಲ್ಲಿಸುತ್ತಾರೆ, ಮುಗಿದ ಮೇಲೆ ಮತ್ತೆ ಹಚ್ಚುತ್ತಾರೆ.

ತೊಡಕುಗಳು ಕಡಿಮೆಯೇನಲ್ಲ. ಮಲ ಹಾಯುವ ಜಾಗದ ಪಕ್ಕದ ಗಾಯ ಕೀವಾಗುತ್ತದೆ. ಯಂತ್ರಕ್ಕೆ ಸೋಂಕು ತಗಲಿದರೆ ತೆಗೆಯಲೇಬೇಕಾಗಬಹುದು. ತಂತಿ ತುಂಡಾಗುತ್ತದೆ, ಬ್ಯಾಟರಿ ಮುಗಿಯುತ್ತದೆ, ತೊಡೆಯ ಒಳಮಗ್ಗುಲು ಮರಗಟ್ಟುತ್ತದೆ. ಅದಕ್ಕೇ ಇಂದು ಬೆನ್ನಿನ ಕೆಳಭಾಗದ ನರಕ್ಕೆ ವಿದ್ಯುತ್ ಕೊಡುವ ಸಣ್ಣ ಚಿಕಿತ್ಸೆಯನ್ನು ಮೊದಲು ಪರೀಕ್ಷಿಸಿ ನೋಡುತ್ತಾರೆ. ಯಂತ್ರವಿಲ್ಲದೆ ಸ್ನಾಯು ಸುತ್ತಿಸಿಕೊಂಡವರು ತೊಡೆ ಕೂಡಿಸಿ ಬಿಗಿಯುವುದನ್ನು ದಿನವೂ ಅಭ್ಯಾಸ ಮಾಡಬೇಕು.

ಡಾಕ್ಟರ ಬಳಿ ಹೋಗುವ ಮುನ್ನ ಎರಡು ವಾರ ಬರೆದಿಡಿ: ಎಷ್ಟು ಸಲ ಜಾರಿತು, ಗಟ್ಟಿಯೋ ನೀರೋ, ಗೊತ್ತಾಗಿ ಓಡುವಷ್ಟರಲ್ಲೋ ಗೊತ್ತೇ ಆಗದೆಯೋ. ಹೆರಿಗೆಯಲ್ಲಿ ಎಷ್ಟು ಹೊಲಿಗೆ ಬಿತ್ತು ಎಂಬುದನ್ನೂ ನೆನಪಿದ್ದಷ್ಟು ಹೇಳಿ.