ಮಳೆಗಾಲದಲ್ಲಿ ಸೋಲ್ಡರ್ ಪೇಸ್ಟ್

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯ ಜುಲೈ ತಿಂಗಳು ಹೇಗಿರುತ್ತದೆಂದು ನಿಮಗೆ ಗೊತ್ತು. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ. ಈ ಹವೆಯಲ್ಲೇ ಕೂತು ನಾನು ಪಂಪ್‌ಸೆಟ್ ಕಂಟ್ರೋಲರ್‌ಗಳ ಬೋರ್ಡಿಗೆ ಸೋಲ್ಡರ್ ಪೇಸ್ಟ್ ಹಚ್ಚುವುದು.

ಸುರುಳಿಯಲ್ಲಿ ಬರುವ ಬೆಸುಗೆ ತಂತಿಯನ್ನು ನೀವು ರಿಪೇರಿ ಅಂಗಡಿಗಳಲ್ಲಿ ನೋಡಿರುತ್ತೀರಿ. ಪೇಸ್ಟ್ ಬೇರೆ. ಅದೊಂದು ಬೂದು ಮುದ್ದೆ. ಬೋರ್ಡಿಗೆ ಹಚ್ಚಿ, ಮೇಲೆ ಬಿಡಿಭಾಗಗಳನ್ನಿಟ್ಟು ಬಿಸಿ ಮಾಡಿದರೆ ಕರಗಿ ಅವನ್ನು ಬೆಸೆಯುತ್ತದೆ. ತವರ, ಬೆಳ್ಳಿ, ತಾಮ್ರ ಸೇರಿದ ಲೋಹದ ಗುಂಡುಗಳು ಫ್ಲಕ್ಸ್‌ನಲ್ಲಿ, ಅಂದರೆ ಬೆಸುಗೆ ಹಿಡಿಯುವಂತೆ ಲೋಹದ ಕಿಲುಬು ತೆಗೆಯುವ ಅಂಟಂಟು ವಸ್ತುವಿನಲ್ಲಿ, ಕಲಸಿಕೊಂಡಿರುತ್ತವೆ. ಗುಂಡಿನ ಗಾತ್ರ ನೋಡಿ ಪೇಸ್ಟನ್ನು ವಿಂಗಡಿಸುತ್ತಾರೆ; ನಾನು ಬಳಸುವ ಟೈಪ್ 4ರಲ್ಲಿ ಒಂದೊಂದು ಗುಂಡು 20ರಿಂದ 38 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು.

ಇದನ್ನು ಫ್ರಿಜ್ಜಿನಲ್ಲಿಡಬೇಕು. ಆದರೆ ಫ್ರಿಜ್ಜಿನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬಾರದು. ತಣ್ಣನೆಯ ಚೊಂಬಿನ ಮೈಮೇಲೆ ಹನಿ ಕೂರುತ್ತದಲ್ಲ, ಹಾಗೆಯೇ ನಮ್ಮ ಒದ್ದೆ ಗಾಳಿ ಪೇಸ್ಟಿನ ಮೇಲೆ ನೀರಾಗುತ್ತದೆ. ಈ ಪೇಸ್ಟ್ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿಯಾಗುವ ಮೊದಲೇ ಒಳಗಿನ ನೀರು ಕುದಿದು ಸಿಡಿಯುತ್ತದೆ, ಬೆಸುಗೆಯ ಗುಂಡುಗಳನ್ನು ಅಕ್ಕಪಕ್ಕಕ್ಕೆ ಎರಚುತ್ತದೆ.

ಒಂದು ಮಳೆಗಾಲದಲ್ಲಿ ಅವಸರಕ್ಕೆ ಬಿದ್ದು ಹಾಗೇ ಬಿಚ್ಚಿದೆ. ಬೋರ್ಡ್ ಪರೀಕ್ಷೆಯಲ್ಲಿ ಪಾಸಾಯಿತು. ಫೆಬ್ರವರಿಯಲ್ಲಿ, ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಹೊತ್ತಿಗೆ ಸರಿಯಾಗಿ ಒಬ್ಬ ಬೆಳೆಗಾರರ ಪಂಪ್ ನಿಂತಿತು. ಭೂತಗನ್ನಡಿ ಹಿಡಿದು ನೋಡಿದರೆ ಐಸಿ ಎಂಬ ಚಿಪ್ಪಿನ ಎರಡು ಕಾಲುಗಳ ನಡುವೆ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡೊಂದು ಸಿಕ್ಕಿಕೊಂಡು ಶಾರ್ಟ್ ಮಾಡಿತ್ತು. ಹೂ ಕಟ್ಟುವ ಹೊತ್ತು ಹೋದರೆ ಆ ವರ್ಷದ ಕಾಯಿಯೇ ಹೋಯಿತಲ್ಲ. ರಾತ್ರಿಯೇ ತೋಟಕ್ಕೆ ಹೋಗಿ ಬೋರ್ಡ್ ಬದಲಿಸಿ ಬಂದೆ. ಅವರ ಮುಖ ಇನ್ನೂ ಕಣ್ಣಮುಂದಿದೆ.

ಅಂದಿನಿಂದ ಡಬ್ಬಿಯನ್ನು ಮುಚ್ಚಿದಂತೆಯೇ ನಾಲ್ಕು ಗಂಟೆ ಹೊರಗಿಡುತ್ತೇನೆ. ಬಿಸಿನೀರಿನಲ್ಲಿ ಇಡುವುದಿಲ್ಲ, ಒಲೆಯ ಹತ್ತಿರವೂ ಇಡುವುದಿಲ್ಲ. ಆಮೇಲೆ ಬಿಚ್ಚಿ, ಪ್ಲಾಸ್ಟಿಕ್ ಕಡ್ಡಿಯಲ್ಲಿ ನಿಧಾನವಾಗಿ ಕಲಸುತ್ತೇನೆ. ಕಲಸಿದಷ್ಟೂ ಸಡಿಲವಾಗುವುದು ಅದರ ಗುಣ.

ಹಚ್ಚುವುದು ಸ್ಟೆನ್ಸಿಲ್‌ನಿಂದ. 0.12 ಮಿಲಿಮೀಟರ್ ದಪ್ಪದ ಸ್ಟೀಲ್ ಹಾಳೆ, ಬಿಡಿಭಾಗದ ಕಾಲು ಕೂರುವ ಲೋಹದ ಜಾಗ, ಅಂದರೆ ಪ್ಯಾಡ್, ಇರುವಲ್ಲೆಲ್ಲ ಕಿಂಡಿ. ಅದು ಬೋರ್ಡಿಗೆ ಮೈಗೆ ಮೈ ಅಂಟಿ ಕೂರಬೇಕು, ನಡುವೆ ಸಂದು ಉಳಿದರೆ ಪೇಸ್ಟ್ ಅಡಿಯಲ್ಲಿ ನುಸುಳುತ್ತದೆ. ಪೇಸ್ಟ್ ಎಳೆಯುವ ಚಪ್ಪಟೆ ಪಟ್ಟಿ ಸ್ಕ್ವೀಜಿಯನ್ನು ಓರೆಯಾಗಿ, 45ರಿಂದ 60 ಡಿಗ್ರಿಯಲ್ಲಿ ಹಿಡಿದು ಒಂದೇ ಎಳೆತ. ಪೇಸ್ಟ್ ಅದರ ಮುಂದೆ ಸುರುಳಿಯಾಗಿ ಉರುಳಿಕೊಂಡು ಬರಬೇಕು. ಜಾರಿಕೊಂಡು ಬಂದರೆ ಹದ ಕೆಟ್ಟಿದೆ. ಹಾಳೆಯನ್ನು ನೇರ ಮೇಲಕ್ಕೆತ್ತಿದಾಗ ಪ್ರತಿ ಪ್ಯಾಡಿನ ಮೇಲೂ ಅಂಚು ಹರಿತವಾದ ಪುಟ್ಟ ಇಟ್ಟಿಗೆ ನಿಂತಿರುತ್ತದೆ. ಎಷ್ಟು ವರ್ಷ ಕಂಡರೂ ನನಗೆ ಅದು ಸಂತೋಷವೇ. ಅಂಚು ಕಲಸಿದ್ದರೆ ತಿದ್ದಲು ಹೋಗಬೇಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪೂರ್ತಿ ಒರೆಸಿ ಮತ್ತೆ ಹಚ್ಚಿ.

ಮನೆಯಲ್ಲಿ ಕಲಿಯುವ ಹುಡುಗ ಹುಡುಗಿಯರೇ, ಸೀಸವಿರುವ ಪೇಸ್ಟ್ 183 ಡಿಗ್ರಿಗೇ ಕರಗುತ್ತದೆ, ಕೆಲಸ ಸುಲಭ. ಆದರೆ ಸೀಸ ವಿಷ. ಹಾಲು, ಮೀನು ಇಡುವ ಫ್ರಿಜ್ಜಿನಲ್ಲಿ ಆ ಡಬ್ಬಿ ಬೇಡ. ಕೈಯನ್ನು ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.