ಸೆಲೆಕ್ಟ್ ಇರಲಿ, ತೀರ್ಮಾನ ಟಾರ್ಗೆಟ್‌ಗೆ ಬಿಡಿ

ನಮಸ್ಕಾರ, ಮಂಗಳೂರಿನಿಂದ. ಸುರತ್ಕಲ್, ನಿಟ್ಟೆ, ಮಣಿಪಾಲದಲ್ಲಿ ಓದುತ್ತಾ ಕಂಪೈಲರ್‌ಗೆ ಕೈ ಹಾಕಿದವರಿಗೆ ಇವತ್ತಿನ ಮಾತು.

ನೀವು ಇಫ್ ಬರೆದಾಗ ಕಂಪೈಲರ್ ಬ್ರ್ಯಾಂಚ್, ಅಂದರೆ ಎರಡು ದಾರಿಯಲ್ಲಿ ಒಂದನ್ನು ಹಿಡಿಯುವ ಇನ್‌ಸ್ಟ್ರಕ್ಷನ್, ಹಾಕಬಹುದು. ಇಲ್ಲವೇ ಎರಡೂ ಬೆಲೆ ತಯಾರಿಟ್ಟು, ಕಂಡೀಷನ್ ನೋಡಿ ಒಂದನ್ನು ಉಳಿಸಿಕೊಳ್ಳಬಹುದು. ಇಂಟೆಲ್‌ನಲ್ಲಿ 1995ರ ಪೆಂಟಿಯಂ ಪ್ರೊದಿಂದ ಇರುವ ಸಿಮೂವ್ ಎಂಬ ಇನ್‌ಸ್ಟ್ರಕ್ಷನ್ ಮಾಡುವುದು ಇದನ್ನೇ.

ಯಾವುದು ಒಳ್ಳೆಯದು? ಬೈನರಿ ಸರ್ಚ್ ತಗೊಳ್ಳಿ. ಹುಡುಕುವ ಕೀಗೆ ಗೊತ್ತುಗುರಿ ಇಲ್ಲದಿದ್ದರೆ, ಬ್ರ್ಯಾಂಚ್ ಎಡಕ್ಕೋ ಬಲಕ್ಕೋ ಅನ್ನುವ ಪ್ರೊಸೆಸರ್‌ನ ಊಹೆ ಹೆಚ್ಚುಕಡಿಮೆ ಅರ್ಧಕ್ಕರ್ಧ ತಪ್ಪುತ್ತದೆ. ಇವತ್ತಿನ ದೊಡ್ಡ ಕೋರ್‌ಗಳಲ್ಲಿ ಒಂದು ತಪ್ಪಿಗೆ ಸುಮಾರು 15ರಿಂದ 20 ಸೈಕಲ್ ದಂಡ. ಸಿಮೂವ್ ಒಂದೆರಡು ಸೈಕಲ್‌ನಲ್ಲಿ ಮುಗಿಯುತ್ತದೆ. ಹಾಗಾದರೆ ಸಿಮೂವೇ ಸೈ, ಅಲ್ವಾ? ಅರೇಯನ್ನು ಕ್ಯಾಶ್‌ನಲ್ಲಿ ಹಿಡಿಯದಷ್ಟು ದೊಡ್ಡದು ಮಾಡಿ ನೋಡಿ. ಈಗ ಹೋಲಿಕೆ ಮುಗಿಯುವ ತನಕ ಸಿಮೂವ್ ಕಾಯಲೇಬೇಕು. ಮೆಮೊರಿಯಿಂದ ಬೆಲೆ ಬಾರದೆ ಮುಂದಿನ ಲೋಡ್ ಶುರುವೇ ಆಗುವುದಿಲ್ಲ. ಬ್ರ್ಯಾಂಚ್ ಇದ್ದರೆ ಪ್ರೊಸೆಸರ್ ಅಷ್ಟರಲ್ಲಿ ಊಹೆ ಮಾಡಿ ಮುಂದಿನದನ್ನು ತರಿಸಲು ಹೊರಟಿರುತ್ತದೆ. ಅರ್ಧ ಸಲ ಊಹೆ ಸರಿಯಾದರೂ ಲಾಭ ಸಿಗಬಹುದು. ಕೋಡ್ ಅದೇ, ಉತ್ತರ ಉಲ್ಟಾ.

ಹಾಗಾಗಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಈ ತೀರ್ಮಾನ ಕಂಪೈಲರ್‌ನ ಎಲ್ಲ ಚಿಪ್‌ಗಳಿಗೂ ಸೇರಿದ ಮಧ್ಯದ ಹಂತದಲ್ಲಿ ಆಗಬಾರದು; ಟಾರ್ಗೆಟ್‌ಗೆ, ಅಂದರೆ ಆಯಾ ಚಿಪ್‌ಗೆ ಕೋಡ್ ಹೊರಡಿಸುವ ಬ್ಯಾಕೆಂಡ್‌ಗೆ, ಬಿಡಬೇಕು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ಅಲ್ಲಿ ಸಣ್ಣಪುಟ್ಟ ಇಫ್‌ಗಳನ್ನು ಸೆಲೆಕ್ಟ್ ಆಗಿ, ಅಂದರೆ ಎರಡು ಬೆಲೆಯಲ್ಲಿ ಒಂದನ್ನು ಆರಿಸು ಎಂಬ ಒಳಗಿನ ಆದೇಶವಾಗಿ, ಬದಲಿಸುತ್ತದೆ. ಅದು ಸರಿಯೇ. ಮಿನ್, ಮ್ಯಾಕ್ಸ್ ಕಣ್ಣಿಗೆ ಬೀಳುತ್ತವೆ, ಲೂಪ್ ವೆಕ್ಟರ್ ಮಾಡುವುದು ಸುಲಭವಾಗುತ್ತದೆ. ಆದರೆ ಸೆಲೆಕ್ಟ್ ಅಂದ ಮಾತ್ರಕ್ಕೆ ಸಿಮೂವ್ ಅಂತಲ್ಲ. ಲೂಪ್ ಲೆಕ್ಕ ಹಾಕಿ ಸಿಮೂವನ್ನು ವಾಪಸ್ ಬ್ರ್ಯಾಂಚ್ ಮಾಡುವ ಪಾಸ್ (ಕೋಡ್ ತಿದ್ದುವ ಒಂದು ಸುತ್ತು) ಇಂಟೆಲ್ ಮಾದರಿಯ ಎಕ್ಸ್86 ಬ್ಯಾಕೆಂಡ್‌ನಲ್ಲೇ ಇದೆ.

ಒಂದು ಲೂಪ್ ಒಂದು ಚಿಪ್‌ನಲ್ಲಿ ನಿಧಾನವಾಯಿತು ಅಂತ ಮಧ್ಯದ ಹಂತವನ್ನೇ ತಿದ್ದುವುದನ್ನು ನಾನು ಸುತಾರಾಂ ಒಪ್ಪುವುದಿಲ್ಲ. 64 ಬಿಟ್ ಆರ್ಮ್‌ಗೆ ಸಿಮೂವ್‌ನಂಥ ಸಿಸೆಲ್ ಮೊದಲಿನಿಂದ ಇದೆ. ರಿಸ್ಕ್-ಫೈವ್‌ನ ಮೂಲ ಸೆಟ್‌ನಲ್ಲಿ ಅಂಥದ್ದೇ ಇಲ್ಲ. 2023ರಲ್ಲಿ ಝಿಕಾಂಡ್ ಎಂಬ ವಿಸ್ತರಣೆ ಬಂದ ಮೇಲೂ, ಎರಡು ಬೆಲೆಗಳ ಮಾಮೂಲಿ ಸೆಲೆಕ್ಟ್‌ಗೆ ಮೂರು ಇನ್‌ಸ್ಟ್ರಕ್ಷನ್ ಬೇಕು. ಇವಕ್ಕೆಲ್ಲ ಒಂದೇ ಅಳತೆ ಹೇಗೆ ಹೊಂದುತ್ತದೆ?

ಮಧ್ಯದ ಹಂತ ಮಾಡಬೇಕಾದ ದೊಡ್ಡ ಕೆಲಸ ಬೇರೆ ಇದೆ. ಪ್ರೊಫೈಲ್ ತೂಕ (ಯಾವ ದಾರಿ ಎಷ್ಟು ಸಲ ಹಿಡಿಯಿತು ಎಂಬ ಲೆಕ್ಕ), ಎಲ್‌ಎಲ್‌ವಿಎಂ ಬಳಸುವ ಸಿ ಕಂಪೈಲರ್ ಕ್ಲಾಂಗ್‌ನಲ್ಲಿ ಈ ಕಂಡೀಷನ್ ಊಹೆಗೆ ಸಿಗದು ಅಂತ ನೀವು ಬರೆದ ಬಿಲ್ಟಿನ್ ಅನ್‌ಪ್ರೆಡಿಕ್ಟಬಲ್ ಗುರುತು, ಇವು ದಾರಿಯಲ್ಲಿ ಕಳೆದುಹೋಗದೆ ಬ್ಯಾಕೆಂಡ್ ತಲುಪಬೇಕು. ಗುರುತೇ ಬಾರದಿದ್ದರೆ ಬ್ಯಾಕೆಂಡ್ ಸುಮ್ನೆ ಕತ್ತಲಲ್ಲಿ ತಡಕಾಡುತ್ತದೆ. ಪ್ಯಾಚ್ ಕಳಿಸುವುದಿದ್ದರೆ ಈ ಗುರುತುಗಳನ್ನು ಉಳಿಸುವ ಕೆಲಸಕ್ಕೆ ಕಳಿಸಿ, ಟೆಸ್ಟ್‌ನಲ್ಲಿ ಮೂರೂ ಟಾರ್ಗೆಟ್‌ಗಳ ಅಸೆಂಬ್ಲಿ ಹಾಕಿ.