ಸೇನೆಯೇ ಇಟ್ಟ ಜೂಜು ಯಂತ್ರ

ನಮಸ್ಕಾರ. ಇವತ್ತಿನ ಮಾತು ಅಮೆರಿಕದ ಸೇನೆ ತನ್ನ ಸಿಪಾಯಿಗಳಿಗೆಂದೇ ನಡೆಸುವ ಸ್ಲಾಟ್ ಮಷೀನುಗಳ ಬಗ್ಗೆ, ಅಂದರೆ ಹಣ ಹಾಕಿ ಬಟನ್ ಒತ್ತಿದರೆ ಚಿತ್ರಗಳ ರೀಲು ತಿರುಗುವ ಜೂಜು ಯಂತ್ರಗಳ ಬಗ್ಗೆ. ನೆಲೆಯ ಗೇಟಿನ ಆಚೆ ಯಾರೋ ಖಾಸಗಿಯವರು ಇಟ್ಟುಕೊಂಡ ಅಂಗಡಿಯ ವಿಷಯ ಅಲ್ಲ ಇದು. ದಕ್ಷಿಣ ಕೊರಿಯಾ, ಜಪಾನ್, ಜರ್ಮನಿಯಂಥ ದೇಶಗಳಲ್ಲಿ ಅಮೆರಿಕದ ನೆಲೆಗಳ ಒಳಗೇ, ಕ್ಲಬ್ಬುಗಳಲ್ಲಿ, ಮನರಂಜನೆಯ ಕಟ್ಟಡಗಳಲ್ಲಿ ಸಾಲಾಗಿ ನಿಂತಿರುವ ಯಂತ್ರಗಳು. ಅವುಗಳ ಮಾಲೀಕತ್ವ ಸೇನೆಯದು, ಉಸ್ತುವಾರಿ ಸೇನೆಯದು, ಪೆಟ್ಟಿಗೆಯಲ್ಲಿ ಉಳಿದ ಹಣವೂ ಸೇನೆಯದೇ. 18 ತುಂಬಿದವರು ಆಡಬಹುದು. ಅದೇ ಹುಡುಗ ರಜೆಗೆ ಊರಿಗೆ ಹೋಗಿ ನೆವಾಡಾದ ಕಸಿನೊ ಹೊಕ್ಕರೆ, 21 ಆಗಿಲ್ಲ ಅಂತ ಹೊರಗೆ ಕಳಿಸುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟು. ಸಿಪಾಯಿಯ ಆರೋಗ್ಯಕ್ಕೆ ಹೊಣೆಯಾದ ಸಂಸ್ಥೆಯೇ ಅವನ ಸೋಲಿನ ಹಣದಿಂದ ಖರ್ಚು ನಡೆಸುತ್ತಿರುವವರೆಗೆ, ಜೂಜಿನ ಚಟ ಹತ್ತಿದವರನ್ನು ಅದು ಮನಸ್ಸಿಟ್ಟು ಹುಡುಕುವುದಿಲ್ಲ. ಹುಡುಕದೇ ಇದ್ದಾಗ ಸಿಗುವುದೂ ಇಲ್ಲ. ಸಿಗಲಿಲ್ಲ ಅನ್ನುವುದನ್ನೇ ಆಮೇಲೆ ಸಾಕ್ಷಿಯಾಗಿ ಮುಂದಿಡುತ್ತಾರೆ.

ಇದರ ಅಪಾಯ ಅವರಿಗೆ ಗೊತ್ತಿಲ್ಲ ಅಂತೇನಿಲ್ಲ. 1951ರಲ್ಲೇ ಅಮೆರಿಕದ ಸಂಸತ್ತು ಕಾನೂನು ಮಾಡಿ ದೇಶದೊಳಗಿನ ಸೇನಾ ನೆಲೆಗಳಿಂದ ಸ್ಲಾಟ್ ಮಷೀನುಗಳನ್ನು ತೆಗೆಸಿತು. ಹೊರದೇಶದ ನೆಲೆಗಳಲ್ಲಿ ಅವು ಉಳಿದುಕೊಂಡವು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆ ಕ್ಲಬ್ಬುಗಳ ಹಣ ನುಂಗಿದ ಹಗರಣಗಳು ಹೊರಬಿದ್ದವು, 1972ರಲ್ಲಿ ಭೂಸೇನೆ ಮತ್ತು ವಾಯುಸೇನೆ ಯಂತ್ರಗಳನ್ನು ಎತ್ತಿಸಿದವು. 1980ರ ಹೊತ್ತಿಗೆ ಮತ್ತೆ ತಂದರು. ಇರಾಕ್, ಕುವೈತ್, ಅಫ್ಘಾನಿಸ್ತಾನಕ್ಕೆ ಹೋದ ಪಡೆಗಳಿಗೆ ಹೊರಡಿಸಿದ ಜನರಲ್ ಆರ್ಡರ್ ನಂಬರ್ ಒಂದರಲ್ಲಿ ಹೆಂಡದ ಜೊತೆ ಜೂಜಿಗೂ ನಿಷೇಧವಿತ್ತು. ಅಲ್ಲಿ ಶಿಸ್ತಿಗೆ ಧಕ್ಕೆ ಅನ್ನಿಸಿದ್ದು ಕೊರಿಯಾದಲ್ಲಿ ಮನರಂಜನೆ ಆಗುತ್ತದೆ.

1972ರ ಬಗ್ಗೆ ಇನ್ನೊಂದು ಮಾತಿದೆ. ಯಂತ್ರಗಳನ್ನು ಎತ್ತಿದ ಅದೇ ವರ್ಷ, ಒಹಾಯೋ ರಾಜ್ಯದ ಬ್ರೆಕ್ಸ್‌ವಿಲ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾ. ರಾಬರ್ಟ್ ಕಸ್ಟರ್ ಜೂಜಿನ ಚಟಕ್ಕೆಂದೇ ಒಳರೋಗಿ ವಿಭಾಗ ತೆರೆದರು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಅಂದರೆ ಇದು ಚಿಕಿತ್ಸೆ ಬೇಕಾದ ಕಾಯಿಲೆ ಅನ್ನುವ ತಿಳಿವಳಿಕೆಯ ಒಂದು ಬೇರು ಸಮವಸ್ತ್ರ ಬಿಚ್ಚಿದವರ ವಾರ್ಡಿನಲ್ಲೇ ಇದೆ.

ಈಗ ಯಂತ್ರದ ಒಳಗೆ ಇಣುಕೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ "ಆಡುವವನಿಗೆ ಬುದ್ಧಿ ಬೇಡವೇ" ಅನ್ನುವ ಮಾತು ಹುಟ್ಟುವುದು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದಾಗ.

ಬಟನ್ ಒತ್ತಿದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ. ಒಳಗಿರುವ ಚಿಪ್ ಯಾರೂ ಆಡದಿದ್ದಾಗಲೂ ಬಿಡುವಿಲ್ಲದೆ ಸಂಖ್ಯೆಗಳನ್ನು ಹುಟ್ಟಿಸುತ್ತಲೇ ಇರುತ್ತದೆ, ನೀವು ಒತ್ತಿದಾಗ ಬಂದ ಸಂಖ್ಯೆಯೇ ನಿಮ್ಮದು. ಆಮೇಲೆ ರೀಲುಗಳು ತಿರುಗುವುದು ಬರೀ ತೋರಿಕೆಗೆ. ಬೆಳಗಿನಿಂದ ಕೊಟ್ಟಿಲ್ಲ, ಇನ್ನೇನು ಕೊಡುತ್ತದೆ ಅನ್ನುವ ಎಣಿಕೆಗೆ ಯಾವ ಆಧಾರವೂ ಇಲ್ಲ. ಹಿಂದಿನ ಆಟದ ನೆನಪು ಯಂತ್ರಕ್ಕೆ ಇರುವುದಿಲ್ಲ.

ಇನ್ನು ಕಣ್ಣಿಗೆ ಕಾಣುವ ರೀಲು. ಒಂದು ರೀಲಿನಲ್ಲಿ 22 ನಿಲುಗಡೆ, ಅಂದರೆ ರೀಲು ಬಂದು ನಿಲ್ಲಬಹುದಾದ ಜಾಗ, ಇದೆ ಅಂದುಕೊಳ್ಳಿ. ಮೂರು ರೀಲಿನಲ್ಲೂ ಜಾಕ್‌ಪಾಟ್ ಚಿತ್ರ ಒಂದೊಂದೇ ಇದ್ದರೆ, ಮೂರೂ ಒಟ್ಟಿಗೆ ಬೀಳುವ ಸಾಧ್ಯತೆ 10,648ರಲ್ಲಿ ಒಂದು ಅಂತ ಕಣ್ಣು ಲೆಕ್ಕ ಹಾಕುತ್ತದೆ. 1984ರಲ್ಲಿ ಇಂಗೆ ಟೆಲ್ನೇಸ್ ಅನ್ನುವ ಗಣಿತಜ್ಞನಿಗೆ ಒಂದು ಪೇಟೆಂಟ್ ಸಿಕ್ಕಿತು. ಕಾಣುವ ರೀಲಿನ ಹಿಂದೆ ಚಿಪ್‌ನಲ್ಲಿ ಇನ್ನೊಂದು ಉದ್ದನೆಯ ರೀಲು ಇಡುವ ಉಪಾಯ ಅದು. ಅದರಲ್ಲಿ 64 ನಿಲುಗಡೆ ಇಟ್ಟು, ಜಾಕ್‌ಪಾಟಿಗೆ ಒಂದನ್ನೇ ಕೊಟ್ಟರೆ, ಸಾಧ್ಯತೆ 2,62,144ರಲ್ಲಿ ಒಂದಕ್ಕೆ ಇಳಿಯುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚುಕಡಿಮೆ 25 ಪಟ್ಟು ಕಷ್ಟ. ಮಿಕ್ಕ ನಿಲುಗಡೆಗಳಲ್ಲಿ ಸುಮಾರಷ್ಟನ್ನು ಜಾಕ್‌ಪಾಟಿನ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಕ್ಕೆ ಜೋಡಿಸಿದರೆ, ಚಿತ್ರ ಪದೇಪದೇ ಗೆಲುವಿನ ಗೆರೆಯ ಅಂಚಿಗೆ ಬಂದು ನಿಲ್ಲುತ್ತದೆ. ಕೂದಲೆಳೆಯಲ್ಲಿ ತಪ್ಪಿತು ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಅಂತಲೇ ಜೋಡಿಸಿದ್ದು.

ಈಗಿನ ವಿಡಿಯೊ ಯಂತ್ರಗಳಲ್ಲಿ ಗೆಲುವಿನ ವೇಷದ ಸೋಲು ಇದೆ. 20 ಗೆರೆಗಳ ಮೇಲೆ ಒಂದೊಂದು ಸೆಂಟ್, ಒಟ್ಟು 20 ಸೆಂಟ್ ಕಟ್ಟುತ್ತೀರಿ. ಒಂದು ಗೆರೆಯಲ್ಲಿ 8 ಸೆಂಟ್ ಬರುತ್ತದೆ. ಹೋದದ್ದು 12 ಸೆಂಟ್. ಆದರೆ ದೀಪ ಮಿನುಗುತ್ತದೆ, ಸಂಗೀತ ಬರುತ್ತದೆ, ಅಂಕಿ ಏರುವ ಸದ್ದಾಗುತ್ತದೆ. ಮನಸ್ಸು ಅದನ್ನು ಗೆಲುವು ಅಂತಲೇ ಬರೆದುಕೊಳ್ಳುತ್ತದೆ.

ಹಣದ ಲೆಕ್ಕಕ್ಕೆ ಬನ್ನಿ. ನೂರಕ್ಕೆ 94 ವಾಪಸು ಕೊಡುವ ಯಂತ್ರ ಅಂತ ಇಟ್ಟುಕೊಳ್ಳೋಣ. ಕೇಳಿದರೆ ಅನ್ಯಾಯ ಅನ್ನಿಸುವುದಿಲ್ಲ, ಬರೀ ಆರು ತಾನೇ ಹೋಗುವುದು! ಆದರೆ ಆ ಆರು ಹೋಗುವುದು ಕಟ್ಟಿದ ಪ್ರತಿಯೊಂದು ಪಣದಿಂದ, ಜೇಬಿನಿಂದ ತೆಗೆದ ನೂರು ಡಾಲರಿನಿಂದ ಒಂದೇ ಸಲ ಅಲ್ಲ. ವಾಪಸು ಬಂದ 94ನ್ನು ಮತ್ತೆ ಕಟ್ಟುತ್ತಾನೆ, ಉಳಿದದ್ದನ್ನು ಮತ್ತೆ. ಹತ್ತು ಸುತ್ತು ಮುಗಿದಾಗ ಸರಾಸರಿ ಉಳಿಯುವುದು 54 ಡಾಲರ್. ಆರು ಸೆಕೆಂಡಿಗೆ ಒಂದು ಸಲ ಬಟನ್ ಒತ್ತಿದರೆ ಗಂಟೆಗೆ 600 ಆಟ. ಒಂದು ಆಟಕ್ಕೆ ಅರ್ಧ ಡಾಲರ್ ಅಂದರೆ ಗಂಟೆಗೆ 300 ಡಾಲರ್ ಪಣ, ಅದರಲ್ಲಿ ನಷ್ಟ 18 ಡಾಲರ್. ದಿನಕ್ಕೆ ಮೂರು ಗಂಟೆ, ವಾರದಲ್ಲಿ ನಾಲ್ಕು ರಾತ್ರಿ ಕೂತರೆ ವಾರಕ್ಕೆ 216, ನಾಲ್ಕು ವಾರಕ್ಕೆ 864. ಕೆಳಹಂತದ ಹೊಸ ಸಿಪಾಯಿಯ ಮೂಲ ಸಂಬಳ 2024ರಲ್ಲಿ ತಿಂಗಳಿಗೆ ಎರಡು ಸಾವಿರ ಡಾಲರ್ ಚಿಲ್ಲರೆ. ಇದು ಸಮಾಧಾನವಾಗಿ ಆಡಿದವನ ಲೆಕ್ಕ. ಕಳೆದದ್ದನ್ನು ಹಿಂದಕ್ಕೆ ತರುತ್ತೇನೆ ಅಂತ ಪಣ ದುಪ್ಪಟ್ಟು ಮಾಡಿದವನಿಗೆ ನಷ್ಟವೂ ದುಪ್ಪಟ್ಟು.

ಸಿಪಾಯಿಯೇ ಯಾಕೆ ಹೆಚ್ಚು ಸಿಕ್ಕಿಬೀಳುತ್ತಾನೆ? ಬ್ಯಾರಕ್ಕಿನಲ್ಲಿ ಇರುವವನಿಗೆ ಬಾಡಿಗೆ ಇಲ್ಲ, ಊಟದ ವ್ಯವಸ್ಥೆ ಸೇನೆಯದು. ತಿಂಗಳ 1 ಮತ್ತು 15ಕ್ಕೆ ಸಂಬಳ ಖಾತೆಗೆ ಬೀಳುತ್ತದೆ, ಖರ್ಚಿಗೆ ಜಾಗ ಕಮ್ಮಿ. ವಯಸ್ಸು ಇಪ್ಪತ್ತರ ಆಸುಪಾಸು, ಭಾಷೆ ಬಾರದ ಊರು, ಅಪ್ಪ ಅಮ್ಮ ಏಳುವ ಹೊತ್ತಿಗೆ ಇವನಿಗೆ ರಾತ್ರಿ. ಯುದ್ಧಭೂಮಿಯಿಂದ ಬಂದವನಾಗಿದ್ದರೆ ನಿದ್ದೆ ಹತ್ತುವುದಿಲ್ಲ. ಆ ಯಂತ್ರದ ಎದುರು ಕೂತರೆ ಬೇರೆ ಯಾವ ಯೋಚನೆಯೂ ಬರುವುದಿಲ್ಲ. ಎಷ್ಟೋ ಮಂದಿ ಗೆಲ್ಲುವ ಆಸೆಗಿಂತ ಆ ಮರೆವಿಗೇ ಒಗ್ಗಿಹೋಗುತ್ತಾರೆ. ಇದನ್ನು ದುರಾಸೆ ಅನ್ನುವವರು ಕಾಯಿಲೆಯ ಅರ್ಧವನ್ನೇ ನೋಡಿರುತ್ತಾರೆ.

ಸಿಕ್ಕಿಬಿದ್ದವನು ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳದಿರಲು ಗಟ್ಟಿ ಕಾರಣ ಇದೆ. ಗುಪ್ತ ಮಾಹಿತಿ ನೋಡಲು ಕೊಡುವ ಭದ್ರತಾ ಅನುಮತಿಯ ನಿಯಮಗಳಲ್ಲಿ ಹಣಕಾಸಿನ ಭಾಗ ಒಂದಿದೆ. ಜೂಜಿಗೆ ಸಾಲ ಮಾಡಿದ್ದು, ಸೋಲನ್ನು ಮುಚ್ಚಿಟ್ಟದ್ದು ಅಲ್ಲಿ ಅನುಮಾನಕ್ಕೆ ಕಾರಣ. ಅನುಮತಿ ಹೋದರೆ ಪೈಲಟ್ಟಿಗೆ, ಸಿಗ್ನಲ್ ವಿಭಾಗದವನಿಗೆ ಕೆಲಸವೇ ಹೋದಂತೆ. ಸಾಲ ತೀರಿಸದೆ ಮೋಸ ಮಾಡುವುದು, ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆಯುವುದು ಸೇನಾ ಕಾನೂನಿನಲ್ಲಿ ಅಪರಾಧ. ಯಂತ್ರ ಇಟ್ಟಿದ್ದು ಸೇನೆ, ಅದರ ಮುಂದೆ ಕೂತು ಕೆಟ್ಟವನನ್ನು ಶಿಕ್ಷಿಸುವುದೂ ಸೇನೆ.

ಚಟ ಹತ್ತಿದವರು ಸಿಗಲಿಲ್ಲ ಅನ್ನುವುದಕ್ಕೆ ಮುಂದಿಡುವ ಅಂಕಿಗೆ ಈಗ ಬರುತ್ತೇನೆ. ನಮ್ಮ ಸಿಎಜಿ ಥರದ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ, 2017ರ ಜನವರಿಯಲ್ಲಿ ಈ ಬಗ್ಗೆ ವರದಿ ಕೊಟ್ಟಿತು. ಆಗ ಹೊರದೇಶದ ನೆಲೆಗಳಲ್ಲಿ 3,100ಕ್ಕೂ ಹೆಚ್ಚು ಯಂತ್ರಗಳಿದ್ದವು. 2011ರಿಂದ 2015ರವರೆಗಿನ ಐದು ವರ್ಷದಲ್ಲಿ ಅವುಗಳಿಂದ ಬಂದದ್ದು 50 ಕೋಟಿ ಡಾಲರಿಗೂ ಮೀರಿದ ಆದಾಯ. ಅದೇ ಐದು ವರ್ಷದಲ್ಲಿ ಜೂಜಿನ ಸಮಸ್ಯೆಗೆಂದು ಸೇನಾ ವೈದ್ಯರ ದಾಖಲೆಗೆ ಬಂದವರು ಶೇ. 0.03ಕ್ಕಿಂತ ಕಡಿಮೆ. ಹತ್ತು ಸಾವಿರಕ್ಕೆ ಮೂವರೂ ಇಲ್ಲ. ಸೇನೆಯೇ 2002ರಲ್ಲಿ ನಡೆಸಿದ ಆರೋಗ್ಯ ಸಮೀಕ್ಷೆಯಲ್ಲಿ ತೀವ್ರ ಜೂಜಿನ ಲಕ್ಷಣ ಕಂಡದ್ದು ಶೇ. 1.2ರಷ್ಟು ಜನರಲ್ಲಿ, ಅಂದರೆ ಹತ್ತು ಸಾವಿರಕ್ಕೆ 120. ಎರಡೂ ಒಂದೇ ಅಳತೆಗೋಲಲ್ಲ, ಒಪ್ಪುತ್ತೇನೆ. ಒಂದು ಡಾಕ್ಟರ ಬಳಿ ಬಂದವರ ಎಣಿಕೆ, ಇನ್ನೊಂದು ಹೆಸರು ಕೇಳದೆ ತುಂಬಿಸಿದ ಪ್ರಶ್ನಾವಳಿ. ಆದರೆ ಬರದೇ ಉಳಿದವರು ಎಷ್ಟಿರಬಹುದು ಅನ್ನುವುದಕ್ಕೆ ಇಷ್ಟು ಅಂತರ ಸಾಕು. 2002ರ ನಂತರ ಆ ಪ್ರಶ್ನೆಗಳನ್ನು ಕೈಬಿಟ್ಟರು. ತಪಾಸಣೆಯಲ್ಲಿ ಜೂಜಿನ ಪ್ರಶ್ನೆ ಸೇರಿಸಿ ಅಂತ ಜಿಎಒ ಹೇಳಿದಾಗ ರಕ್ಷಣಾ ಇಲಾಖೆ ಒಪ್ಪಲಿಲ್ಲ, ಸಮಸ್ಯೆ ಇರುವವರು ಬಹಳ ಕಡಿಮೆ ಅಂದಿತು. ಕೊನೆಗೆ 2018ರ ಆಗಸ್ಟ್‌ನಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯಲ್ಲಿ ಸಂಸತ್ತೇ ಅದನ್ನು ಕಡ್ಡಾಯ ಮಾಡಬೇಕಾಯಿತು.

ಕೇಳುವುದು ಕಷ್ಟವೂ ಅಲ್ಲ. ಮೂರೇ ಪ್ರಶ್ನೆಯ ಒಂದು ತಪಾಸಣೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಕಳೆದ 12 ತಿಂಗಳಲ್ಲಿ ಜೂಜು ಬಿಡಲು ಹೋದಾಗ ಚಡಪಡಿಕೆ, ಸಿಡುಕು ಬಂತೇ? ಎಷ್ಟು ಆಡುತ್ತೀರಿ ಅನ್ನುವುದನ್ನು ಮನೆಯವರಿಂದ ಮುಚ್ಚಿಟ್ಟಿರಾ? ದಿನದ ಖರ್ಚಿಗೂ ಬೇರೆಯವರ ಮುಂದೆ ಕೈಚಾಚುವಷ್ಟು ಹಣದ ತೊಂದರೆ ಆಯಿತೇ? ಒಂದಕ್ಕೆ ಹೌದು ಅಂದರೂ ಮುಂದಿನ ಪರೀಕ್ಷೆ ಬೇಕು. ಆದರೆ ಆ ಉತ್ತರ ಅವನ ಹೆಸರಿನ ಕಡತಕ್ಕೆ ಹೋಗುವಾಗ ಯಾರು ಹೌದು ಅನ್ನುತ್ತಾರೆ? ಕುಡಿತದ ವಿಷಯದಲ್ಲಿ ಭೂಸೇನೆ 2019ರಲ್ಲಿ ನಿಯಮ ಬದಲಿಸಿ, ತಾನಾಗಿ ಬಂದವನು ಕಡ್ಡಾಯ ಚಿಕಿತ್ಸಾ ಕಾರ್ಯಕ್ರಮಕ್ಕೆ ಸೇರದೆಯೇ ಚಿಕಿತ್ಸೆ ಪಡೆಯಲು ದಾರಿ ಮಾಡಿತು. ಜೂಜಿಗೂ ಅಂಥದ್ದೇ ಬಾಗಿಲು ಬೇಕು.

ಯಂತ್ರಗಳ ಪರವಾದ ವಾದ ಎರಡು. ತೆಗೆದರೆ ಹುಡುಗರು ಹೊರಗೆ ಹೋಗಿ ಆಡುತ್ತಾರೆ ಅನ್ನುವುದು ಒಂದು. ಕೆಲವರು ಹೋಗುತ್ತಾರೆ, ನಿಜ. ಆದರೆ ಟ್ಯಾಕ್ಸಿ ಹಿಡಿದು ಹೋಗುವುದಕ್ಕೂ, ಊಟ ಮುಗಿಸಿ ಪಕ್ಕದ ಕೋಣೆಗೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಚಟದಲ್ಲಿ ದೂರ ದೊಡ್ಡ ಔಷಧಿ. ಇನ್ನೊಂದು, ಈ ಹಣದಿಂದ ಸಿಪಾಯಿಗಳ ಮತ್ತು ಕುಟುಂಬಗಳ ಕ್ಷೇಮ, ಮನರಂಜನೆಯ ಕಾರ್ಯಕ್ರಮಗಳು ನಡೆಯುತ್ತವೆ ಅನ್ನುವುದು. ನಡೆಯುತ್ತವೆ, ಅದೂ ಸುಳ್ಳಲ್ಲ. ಆದರೆ ವರ್ಷಕ್ಕೆ ಹತ್ತು ಕೋಟಿ ಡಾಲರ್ ಅಮೆರಿಕದ ರಕ್ಷಣಾ ಬಜೆಟ್ಟಿನಲ್ಲಿ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಅಷ್ಟನ್ನು ಬಜೆಟ್ಟಿನಿಂದಲೇ ಕೊಟ್ಟು ಯಂತ್ರಗಳನ್ನು ಎತ್ತಿಸಬೇಕು.

ಎತ್ತುವವರೆಗಾದರೂ ಮಾಡಬಹುದಾದ ಕೆಲಸಗಳಿವೆ. ಎಟಿಎಂ ಅದೇ ಕಟ್ಟಡದಲ್ಲಿ ಇರಕೂಡದು. ಯಂತ್ರ ಒಂದು ಸಲಕ್ಕೆ 20 ಡಾಲರಿಗಿಂತ ದೊಡ್ಡ ನೋಟು ತೆಗೆದುಕೊಳ್ಳಬಾರದು. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಹೆಚ್ಚಿಸಬೇಕು. ಆರು ಸೆಕೆಂಡು ಹನ್ನೆರಡಾದರೆ ಮೇಲಿನ 18 ಡಾಲರ್ ಒಂಬತ್ತಕ್ಕೆ ಇಳಿಯುತ್ತದೆ. ನನ್ನನ್ನು ಆಡಲು ಬಿಡಬೇಡಿ ಅಂತ ಒಬ್ಬ ಒಂದು ನೆಲೆಯಲ್ಲಿ ಬರೆದುಕೊಟ್ಟರೆ ಎಲ್ಲ ನೆಲೆಗಳಲ್ಲೂ ಅದು ನಡೆಯಬೇಕು, ಯಾಕೆಂದರೆ ವರ್ಗಾವಣೆ ಅವನ ಕೈಲಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಂದ ಸೇನೆ ಸೇರಿದ ಮಕ್ಕಳಿದ್ದರೆ, ಮನೆಯವರಿಗೆ ಎರಡು ಮಾತು. 15ನೇ ತಾರೀಖಿಗೆ ಮುಂಚೆಯೇ ಮತ್ತೆ ಮತ್ತೆ ಹಣ ಕೇಳುವುದು, ಕಾರಣ ಪ್ರತಿಸಲ ಬದಲಾಗುವುದು, ಫೋನು ಎತ್ತದಿರುವುದು ಕಂಡರೆ ಬೈಯಬೇಡಿ. ನೆಲೆಯಲ್ಲಿ ಚಾಪ್ಲಿನ್ ಅನ್ನುವ ಧರ್ಮಗುರು ಇರುತ್ತಾರೆ. ಯಾವ ಧರ್ಮದವರು ಹೋದರೂ ಮಾತಾಡುತ್ತಾರೆ, ಅವರಿಗೆ ಗುಟ್ಟಾಗಿ ಹೇಳಿಕೊಂಡದ್ದನ್ನು ಅವರು ಮೇಲಧಿಕಾರಿಗೂ ತಿಳಿಸುವಂತಿಲ್ಲ. ಮೊದಲು ಅಲ್ಲಿಗೆ ಕಳಿಸಿ. ಮಿಲಿಟರಿ ಒನ್‌ಸೋರ್ಸ್ ಅನ್ನುವ ಸೇವೆಯಲ್ಲಿ ಹಣಕಾಸಿನ ಸಲಹೆ ಪುಕ್ಕಟೆ ಸಿಗುತ್ತದೆ. ಸಾಲ ತೀರಿಸಲು ನೀವು ಸಹಾಯ ಮಾಡುವುದಾದರೆ ಹಣವನ್ನು ಅವನ ಖಾತೆಗೆ ಹಾಕಬೇಡಿ, ಸಾಲ ಕೊಟ್ಟವರಿಗೇ ನೇರ ಕಟ್ಟಿ, ರಸೀದಿ ಇಟ್ಟುಕೊಳ್ಳಿ.